ನಲವತ್ತು ಬೆಲ್ಲದುಂಡೆ

ದುಬಲಗುಂಡಿಯ ದೇವಿಂದ್ರಪ್ಪನ ಕುರಿದೊಡ್ಡಿಗೆ ವಿದ್ಯಾವತಿ ಬರತೊಡಗಿ ಎರಡು ಮಳೆಗಾಲವಾಗಿತ್ತು. ಆದರೂ ಆಕೆಯ ಕೆಲಸ ಏನೆಂದು ಊರಿನಲ್ಲಿ ಒಬ್ಬರಿಗೂ ಸರಿಯಾಗಿ ಗೊತ್ತಿರಲಿಲ್ಲ. ಹುಮನಾಬಾದಿನಿಂದ ಮುಂಜಾನೆಯ ಬಸ್ಸಿಗೆ ಬಂದು ಇಳಿಯುತ್ತಾಳೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾಳೆ, ಕುರಿಗಳ ಹಿಂದೆ ಕೂತು ಬಿಸಿಬಿಸಿ ಹಿಕ್ಕೆಯನ್ನು ಪುಟ್ಟ ಡಬ್ಬಿಗಳಲ್ಲಿ ತುಂಬಿಕೊಳ್ಳುತ್ತಾಳೆ, ಡಬ್ಬಿಯ ಮೇಲೆ ನಂಬರು ಬರೆದು ಸಂಜೆಯ ಬಸ್ಸಿಗೆ ಹೊರಟುಹೋಗುತ್ತಾಳೆ. ಇಷ್ಟಕ್ಕೆ ಸರಕಾರ ಪಗಾರ ಕೊಡುತ್ತದಂತೆ! ಕೇಳಿದವರು ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಊರವರ ಮಾತು ಬಿಡಿ, ಬಸವಕಲ್ಯಾಣದಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಆಕೆಯ ಅಪ್ಪ ಬಸವಣಪ್ಪನೇ ಗಿರಾಕಿಗಳಿಗೆ "ಮಗಳು ದನದ ಡಾಕ್ಟರು" ಎಂದು ಹೇಳಿ ಮುಗಿಸಿಬಿಡುತ್ತಿದ್ದ. ಸಂಶೋಧನೆ ಎಂದರೇನು ಎಂದು ವಿವರಿಸುತ್ತ ನಿಂತರೆ ಸಕ್ಕರೆ ತೂಗುವವರು ಯಾರು?

ಇದನ್ನು ತಿಳಿದೇ ತೀರಬೇಕು ಎಂದು ಹಟ ಹಿಡಿದವಳು ದೇವಿಂದ್ರಪ್ಪನ ಮೊಮ್ಮಗಳು ಸಾಕ್ಷಿ ಒಬ್ಬಳೇ. ಏಳು ವರ್ಷದ ಹುಡುಗಿ, ಎರಡನೆಯ ಇಯತ್ತೆ. ೨೦೦೩ರ ಸೆಪ್ಟೆಂಬರಿನ ಒಂದು ಭಾನುವಾರ ಮುಂಜಾನೆ ವಿದ್ಯಾವತಿ ಬೇವಿನ ಗಿಡದ ಕೆಳಗೆ ಡಬ್ಬಿಗಳನ್ನು ಹರವಿಕೊಂಡು ಕೂತಿದ್ದಾಗ, ಅವಳು ಕರಿಗಿವಿಯನ್ನು ಎಳೆದುಕೊಂಡು ಬಂದು ಎದುರಿಗೆ ನಿಂತಳು. ಕರಿಗಿವಿ ಎಂದರೆ ಆರು ತಿಂಗಳ ಹೆಣ್ಣುಮರಿ. ಹುಟ್ಟಿದ ದಿನವೇ ತಾಯಿಯನ್ನು ಕಳೆದುಕೊಂಡ ಅದನ್ನು ಸಾಕ್ಷಿಯೇ ಮೇಕೆಯ ಹಾಲು ಕುಡಿಸಿ ಬದುಕಿಸಿದ್ದಳು. ಸಾಕ್ಷಿಯ ಗಲ್ಲದ ಮೇಲೆ ಉಗುರಿನಿಂದ ಪರಚಿದ ಮೂರು ಗೆರೆಗಳಿದ್ದವು.

"ಅಕ್ಕಾ, ನೀ ಏನ್ ಕೆಲ್ಸ ಮಾಡ್ತಿ? ಖರೇ ಹೇಳು."

"ಮೊದಲ ಗಲ್ಲಕ್ಕ ಏನಾಯ್ತು ಹೇಳು."

"ಮಗ್ಗಲ ಮನಿ ಬಕ್ಕಪ್ಪನ ಮೊಮ್ಮಗಳು ನಿನಗ ಹಿಕ್ಕಿಬಾಯಿ ಅಂದಳು. ನಾ ಬಿಟ್ಟೇನು? ಕೂದ್ಲ ಹಿಡದೆ. ಅಕಿ ಪರಚಿದಳು. ಈಗ ಅಕಿಗಿ ಏನಂತ ಹೇಳ್ಲಿ?"

ವಿದ್ಯಾವತಿಗೆ ನಗು ಬಂತು, ಅದರ ಬೆನ್ನಿಗೇ ಸಂಕಟವೂ ಆಯಿತು. ತನ್ನ ಮಾನ ಕಾಯಲು ಈ ಜಗತ್ತಿನಲ್ಲಿ ಒಂದು ಜೀವ ಜಗಳವಾಡಿದ್ದು ಇದೇ ಮೊದಲು. ಅದೂ ಈ ದಿನವೇ ಆಗಬೇಕೆ? ಆಕೆ ಈ ದೊಡ್ಡಿಯಲ್ಲಿ ಎರಡು ವರ್ಷ ಮಾಡಿದ ಕೆಲಸ ಮುಗಿಯಿತೆಂದು ಹೇಳಲೆಂದೇ ಅಂದು ಬಸ್ಸು ಹತ್ತಿ ಬಂದಿದ್ದಳು.

ವಿಷಯ ಇಷ್ಟು. ಸಾಕ್ಷಿಯ ಆಯಿ, ಅಂದರೆ ದೇವಿಂದ್ರಪ್ಪನ ಹೆಂಡತಿ ಜಿಜಾಬಾಯಿ, ಕುರಿಗಳ ಹೊಟ್ಟೆಯ ಜಂತುಹುಳಕ್ಕೆ ಮುತ್ತಲ ಬೀಜ ಕುಟ್ಟಿ ಬೆಲ್ಲದಲ್ಲಿ ಕಲಸಿ ತಿನ್ನಿಸುತ್ತಿದ್ದಳು. ಆಕೆಯ ಅತ್ತೆ ಕಲಿಸಿದ ದವಾ ಅದು. ಅಂಗಡಿಯ ಔಷಧಿ ವರ್ಷದಿಂದ ವರ್ಷಕ್ಕೆ ಹುಳಗಳಿಗೆ ನಾಟದಂತಾಗುತ್ತಿತ್ತು. ಮುತ್ತಲ, ಅಂದರೆ ಮುತ್ತುಗದ ಗಿಡವೋ ಹೊಲದ ಬದುವಿಗೆಲ್ಲ ಬೆಳೆಯುತ್ತದೆ. ಇದು ನಿಜಕ್ಕೂ ಕೆಲಸ ಮಾಡುತ್ತದೆ ಎಂದು ಗಟ್ಟಿಯಾಗಿ ತೋರಿಸಿದರೆ ಎಷ್ಟು ದೊಡ್ಡಿಗಳಿಗೆ ಉಪಕಾರ! ವಿದ್ಯಾವತಿ ತನ್ನ ಸಂಶೋಧನಾ ಕೇಂದ್ರದ ಮೇಲಧಿಕಾರಿ ಸಂಜೀವಕುಮಾರರ ಹಿಂದೆ ಬಿದ್ದು ಒಪ್ಪಿಗೆ ತಂದಿದ್ದಳು. ನಲವತ್ತು ಕುರಿ. ಇಪ್ಪತ್ತರ ಕೊರಳಿಗೆ ಕೆಂಪು ದಾರ, ಇಪ್ಪತ್ತರ ಕೊರಳಿಗೆ ನೀಲಿ ದಾರ. ಕೆಂಪಿನವಕ್ಕೆ ಬೀಜದ ಪುಡಿ ಹಾಕಿದ ಬೆಲ್ಲದುಂಡೆ, ನೀಲಿಯವಕ್ಕೆ ಪುಡಿಯಿಲ್ಲದ ಬರೀ ಉಂಡೆ.

ಮೊದಲ ವರ್ಷ ಆಕೆಯೇ ನಿಂತು ಉಂಡೆ ತಿನ್ನಿಸಿದ್ದಳು. ಕೆಂಪಿನ ಕುರಿಗಳ ಹಿಕ್ಕೆಯಲ್ಲಿ ಹುಳದ ತತ್ತಿ ಕಾಲುಭಾಗಕ್ಕೆ ಇಳಿದಿತ್ತು. ನೀಲಿಯವುಗಳಲ್ಲಿ ಇದ್ದಷ್ಟೇ ಇತ್ತು. ಅಂದು ಆಕೆ ಹುಮನಾಬಾದಿನ ಖೋಲಿಯಲ್ಲಿ ಒಬ್ಬಳೇ ಕೂತು ಅರ್ಧ ಕೇಜಿ ಪೇಡೆ ತಿಂದಿದ್ದಳು. ಎರಡನೆಯ ವರ್ಷವೂ ಹೀಗೇ ಬಂದರೆ ಮಾತ್ರ ಲೆಕ್ಕಕ್ಕೆ. ಆದರೆ ಈ ಜುಲೈಯಲ್ಲಿ ಆಕೆ ಟೈಫಾಯ್ಡಿನಿಂದ ಬಸವಕಲ್ಯಾಣದ ಅಪ್ಪನ ಮನೆಯಲ್ಲಿ ಮೂರು ವಾರ ಮಲಗಿದಳು. ಬೀಜದ ಪುಡಿ ಕಲಸಿದ ಬೆಲ್ಲವನ್ನು ಕೆಂಪು ಡಬ್ಬಿಯಲ್ಲಿ, ಬರೀ ಬೆಲ್ಲವನ್ನು ನೀಲಿ ಡಬ್ಬಿಯಲ್ಲಿ ತುಂಬಿ, ಚೀಟಿ ಬರೆದಿಟ್ಟು, ದುಬಲಗುಂಡಿ ಬಸ್ಸಿನ ಕಂಡಕ್ಟರ್ ಇಸ್ಮಾಯಿಲನ ಕೈಯಲ್ಲಿ ಕಳಿಸಿದ್ದಳು. ಗುಣವಾಗಿ ಬಂದು ಎಣಿಸಿ ನೋಡಿದರೆ ಕೆಂಪಿಗೂ ನೀಲಿಗೂ ಕೂದಲೆಳೆಯಷ್ಟೂ ಫರಕಿರಲಿಲ್ಲ. ಮುತ್ತಲ ಬೀಜದಿಂದ ಉಪಯೋಗವಿಲ್ಲ ಎಂದು ಬರೆದು ಕಳಿಸಿ ಫೈಲು ಮುಚ್ಚಿರಿ ಎಂದು ಸಂಜೀವಕುಮಾರರ ಪತ್ರ ಬಂದಿತ್ತು. ಅದು ಆಕೆಯ ಚೀಲದಲ್ಲೇ ಇತ್ತು.

"ಹೇಳಂಗಿಲ್ಲೇನು?" ಸಾಕ್ಷಿ ಕಾಲು ನೆಲಕ್ಕೆ ಬಡಿದಳು.

"ನಾ ವಿಜ್ಞಾನಿ" ಎಂದಳು ವಿದ್ಯಾವತಿ.

ಸಾಕ್ಷಿ ಆಕೆಯನ್ನು ಚಪ್ಪಲಿಯಿಂದ ತಲೆಯವರೆಗೆ ನೋಡಿದಳು. "ವಿಜ್ಞಾನಿ ಅಂದ್ರ ರಾಕೆಟ್ ಬಿಡವ್ರು. ನಮ್ಮ ಪುಸ್ತಕದಾಗ ಫೋಟೋ ಅದ. ಅವರ ಕೈಯಾಗ ಹಿಕ್ಕಿ ಇಲ್ಲ."

"ಎಲ್ಲಾರೂ ರಾಕೆಟ್ ಬಿಡಾಕತ್ರ ಕುರಿ ನೋಡವ್ರು ಯಾರು?"

"ಮುತ್ಯಾ ನೋಡ್ತಾನ."

ಮುತ್ಯಾ ಎಂದರೆ ಅಜ್ಜ ದೇವಿಂದ್ರಪ್ಪ. ವಿದ್ಯಾವತಿ ಡಬ್ಬಿಯ ಮುಚ್ಚಳ ಹಾಕಿ ಮತ್ತೆ ಶುರು ಮಾಡಿದಳು. "ನೋಡು, ನಾ ದವಾಕ್ಕ ಪರೀಕ್ಷಾ ಇಡ್ತೀನಿ. ನಿಮ್ಮ ಸಾಲ್ಯಾಗ ನಿಮಗ ಇಡ್ತಾರಲ್ಲ, ಹಾಂಗ."

"ಯಾರು ಬರಿತಾರ?"

"ಕುರಿ ಬರಿತಾವ."

"ಎದರ ಮ್ಯಾಲ?"

"ಹಿಕ್ಕಿ ಮ್ಯಾಲ."

ಸಾಕ್ಷಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮರಿಯ ಕೊರಳು ತಬ್ಬಿಕೊಂಡು ನೆಲದ ಮೇಲೆ ಬಿದ್ದು ನಕ್ಕಳು. ವಿದ್ಯಾವತಿಯೂ ನಕ್ಕು ಮುಂದುವರಿಸಿದಳು. "ಹಿಕ್ಕ್ಯಾಗ ಹುಳದ ತತ್ತಿ ಇರ್ತಾವವ್ವ. ಬರೇ ಕಣ್ಣಿಗೆ ಕಾಣಂಗಿಲ್ಲ, ಸಣ್ಣದು ದೊಡ್ಡದು ಮಾಡಿ ತೋರ್ಸೂ ದುರ್ಬೀನಿನಾಗ ಕಾಣ್ತಾವ. ಒಂದೊಂದೇ ಎಣಸ್ತೀನಿ. ಕಡಿಮಿ ಆಗಿದ್ರ ದವಾ ಪಾಸ್. ಇಲ್ಲಾಂದ್ರ ನಾಪಾಸ್."

"ನಮ್ಮ ಆಯಿ ದವಾ ಪಾಸ್ ಆಯ್ತೇನು?"

"ಹೋದ ವರ್ಷ ಆಗಿತ್ತು. ಈ ವರ್ಷ ನಾಪಾಸ್."

ನಗು ನಿಂತಿತು. ಸಾಕ್ಷಿ ಎದ್ದು ಕೂತು, ಈ ವರ್ಷವಷ್ಟೇ ಲೆಕ್ಕಕ್ಕೆ ಸೇರಿದ್ದ ಮರಿಯ ಕೊರಳಲ್ಲಿದ್ದ ನೀಲಿ ದಾರವನ್ನು ಬೆರಳಿಗೆ ಸುತ್ತಿಕೊಂಡಳು. "ಮತ್ತ ನೀಲಿಗಿ ಯಾಕ ಖಾಲಿ ಉಂಡಿ ಕಳಸಿದ್ದಿ? ಅವೇನ್ ತಪ್ಪ ಮಾಡ್ಯಾವ?"

ದೊಡ್ಡ ದೊಡ್ಡ ಸಭೆಗಳಲ್ಲಿ ಮೇಜು ಬಡಿದು ಮಾತಾಡಿದವರು ಯಾರೂ ಆಕೆಗೆ ಇಂಥ ಪ್ರಶ್ನೆ ಕೇಳಿರಲಿಲ್ಲ. ವಿದ್ಯಾವತಿ ಬೆರಳಿನಿಂದ ಮಣ್ಣಿನಲ್ಲಿ ಎರಡು ಚೌಕ ಗೀರಿದಳು. ಕೋಳಿಗೆ ಚೆಲ್ಲಿದ್ದ ಜೋಳದ ನಾಲ್ಕು ಕಾಳು ಆರಿಸಿ ಒಂದೊಂದು ಚೌಕದಲ್ಲಿ ಎರಡೆರಡು ಇಟ್ಟಳು.

"ಇವು ಎರಡು ಹೊಲ ಅಂತ ತಿಳ್ಕೊ. ಜ್ವಾಳ ಮೊಳಕಿ ಬರಾಕ ನೀರ ಬೇಕೋ ಬ್ಯಾಡೋ ನಮಗ ಗೊತ್ತಿಲ್ಲ ಅಂತನೂ ತಿಳ್ಕೊ. ಈ ಹೊಲಕ್ಕ ನೀರ ಹಾಕ್ತೀವಿ, ಆ ಹೊಲ ಒಣಾ ಬಿಡ್ತೀವಿ. ನೀರಿನ ಹೊಲ ಮೊಳಕಿ ಬಂತು, ಒಣ ಹೊಲ ಬರ್ಲಿಲ್ಲ. ಏನ್ ತಿಳೀತು?"

"ನೀರ ಬೇಕು ಅಂತ."

"ಶಾಣ್ಯಾಕಿ! ಒಣ ಹೊಲ ಇಲ್ಲಾಂದ್ರ ಹ್ಯಾಂಗ ತಿಳೀತಿತ್ತು? ನೀಲಿ ಕುರಿ ಅಂದ್ರ ಒಣ ಹೊಲ. ಅವು ತಪ್ಪ ಮಾಡಿಲ್ಲ. ಅವು ಇದ್ರನ ಖರೇ ತಿಳೀತದ. ಈಗ ಹೇಳು, ಎರಡೂ ಹೊಲ ಒಂದೇ ಸಮ ಮೊಳಕಿ ಬಂದ್ರ ಏನ್ ತಿಳೀಬೇಕು?"

ನೀರಿನಿಂದ ಉಪಯೋಗವಿಲ್ಲ ಎಂಬ ಉತ್ತರ ಬರಲಿ, ಆಗ ಮುತ್ತಲ ಬೀಜದ ಮಾತು ಹೇಳಿ ಮುಗಿಸೋಣ ಎಂದು ಆಕೆ ಕಾದಿದ್ದಳು. ಸಾಕ್ಷಿ ಒಂದು ಗಳಿಗೆಯೂ ತಡಮಾಡಲಿಲ್ಲ.

"ಯಾರೋ ಕದ್ದು ಒಣ ಹೊಲಕ್ಕೂ ನೀರ ಹಾಕ್ಯಾರ."

ಅಂದವಳು ಬಾಯಿ ಮುಚ್ಚಿಕೊಂಡಳು. ಕಣ್ಣು ಅಡಿಗೆಮನೆಯ ಬಾಗಿಲಿಗೆ ಹೋಗಿ, ಮರಿಗೆ ಬಂದು, ಕೊನೆಗೆ ಮಣ್ಣಿನ ಮೇಲೆ ನಿಂತವು.

"ಏನಾಯ್ತವ್ವ?"

"ಏನಿಲ್ಲ." ಸಾಕ್ಷಿ ಮರಿಯ ಕಿವಿ ಸವರುತ್ತ ಕೇಳಿದಳು. "ನಿನ್ನ ಕೆಲ್ಸದಾಗ ಖರೇ ಹೇಳಿದ್ರ ಬೈತಾರೇನು?"

"ಖರೇ ಹೇಳೂದೇ ನನ್ನ ಕೆಲ್ಸ. ಹೇಳಿದವ್ರಿಗಿ ಯಾರ್ ಬೈತಾರ?"

"ಹೇಳಿದವ್ರಿಗಿ ಅಲ್ಲ. ಬ್ಯಾರೆಯವ್ರಿಗಿ ಬೈತಾರೇನು?"

ವಿದ್ಯಾವತಿ ಅವಳ ಹತ್ತಿರ ಸರಿದಳು. ಮಗುವಿನ ಎರಡೂ ಕೈ ಹಿಡಿದುಕೊಂಡು, "ಬೈಯಂಗಿಲ್ಲ. ಹೇಳು" ಎಂದಳು.

ಸಾಕ್ಷಿ ಹೇಳಿದಳು. ಇಸ್ಮಾಯಿಲ ಡಬ್ಬಿ ತಂದುಕೊಟ್ಟ ದಿನ ಮುತ್ಯಾ ಚೀಟಿ ಓದಿ ಹೇಳಿದ. ಆಯಿ ಹೂಂ ಹೂಂ ಎಂದು ಎಲ್ಲ ಕೇಳಿಸಿಕೊಂಡಳು. ಮುತ್ಯಾ ಕುರಿ ಹೊಡೆದುಕೊಂಡು ಹೋದ ಮೇಲೆ ದೊಡ್ಡ ಪರಾತ ತೆಗೆದು, ಎರಡೂ ಡಬ್ಬಿಯ ಬೆಲ್ಲವನ್ನು ಅದರಲ್ಲಿ ಸುರುವಿ, ರೊಟ್ಟಿಯ ಹಿಟ್ಟು ನಾದಿದಂತೆ ನಾದಿದಳು. ಮತ್ತೆ ಆಯಿ, ಸಾಕ್ಷಿ ಇಬ್ಬರೂ ಕೂತು ನಲವತ್ತು ಉಂಡೆ ಕಟ್ಟಿದರು, ಒಂದು ದೊಡ್ಡದಿಲ್ಲ ಒಂದು ಸಣ್ಣದಿಲ್ಲ. "ಕರಿಗಿವಿಗೂ ದವಾ ಸಿಗ್ತದಂತ ನಾ ಖುಷೀಲೆ ಮಾಡ್ದೆ ಅಕ್ಕಾ" ಎಂದು ಮರಿಯನ್ನು ಹತ್ತಿರ ಎಳೆದುಕೊಂಡಳು.

ವಿದ್ಯಾವತಿಗೆ ಸಿಟ್ಟು ನೆತ್ತಿಗೇರಿತು. ಎರಡು ವರ್ಷ! ಮಳೆ, ಕೆಸರು, ಬಸ್ಸು, ಜ್ವರ, ಜನರ ಕೈಲಿ ಹಿಕ್ಕಿಬಾಯಿ ಎನ್ನಿಸಿಕೊಂಡದ್ದು, ಎಲ್ಲ ಒಂದು ಪರಾತದಲ್ಲಿ ನಾದಿಹೋಗಿತ್ತು. ಬೈಯುವುದಿಲ್ಲ ಎಂದು ಮಗುವಿಗೆ ಕೊಟ್ಟ ಮಾತು ಅಡಿಗೆಮನೆಯ ಹೊಸ್ತಿಲವರೆಗೆ ಮಾತ್ರ ನೆನಪಿತ್ತು.

"ಆಯಿ, ಎರಡೂ ಡಬ್ಬಿ ಕಲಸೀರಂತಲ್ಲ! ಏನ್ ಮಾಡೀರಿ ಗೊತ್ತದೇನ್ರಿ ನಿಮಗ?"

ಜಿಜಾಬಾಯಿ ರೊಟ್ಟಿ ಬಡಿಯುತ್ತಿದ್ದಳು. ತಲೆ ಎತ್ತಿ ನೋಡಿದಳು, ಮುಖದಲ್ಲಿ ಅಳುಕೇ ಇಲ್ಲ. "ಹೌದ್ರಿ ಬಾಯಿ, ಕಲಸೀನಿ. ನನ್ನ ದೊಡ್ಡ್ಯಾಗ ಇಪ್ಪತ್ತಕ್ಕ ದವಾ, ಇಪ್ಪತ್ತಕ್ಕ ಬರೇ ಬೆಲ್ಲ ಹ್ಯಾಂಗ ಕೊಡ್ಲಿ? ಮಾಣಿಕನಗರದ ಗುಡ್ಯಾಗ ಪ್ರಸಾದದ ಸಾಲಿಗಿ ಬಡಿಸಿದ ಕೈ ಅದ ಇದು. ಒಬ್ರ ಎಲಿಗಿ ಹಾಕಿ ಮಗ್ಗಲದವ್ರ ಎಲಿ ಬಿಟ್ಟು ಹೋಗಾಕ ಬರ್ತದೇನ್ರಿ? ನೀವೂ ಕಲ್ಯಾಣದವ್ರು, ನಾ ಹೇಳಬೇಕೇನು?"

"ಅರ್ಧ ದವಾಕ್ಕ ಹುಳ ಸಾಯ್ತಾವೇನ್ರಿ?"

"ನನಗೂ ಅನುಮಾನ ಇತ್ತು. ಆದ್ರ ಏನೂ ಇಲ್ಲದಕ್ಕಿಂತ ಅರ್ಧ ಬೇಸಲ್ಲ?"

"ಹೋದ ವರ್ಷ ನಾ ಕೊಟ್ಟಾಗ ಸುಮ್ಮನಿದ್ರಲ್ಲ!"

"ಅದು ನಿಮ್ಮ ಕೈ ಇತ್ತು. ಈ ಸಲ ನನ್ನ ಕೈಲೆ ಕೊಡ್ಸೀರಿ."

"ಮುತ್ಯಾಗ ಎಲ್ಲಾ ತಿಳಿಸಿ ಹೇಳಿದ್ನಲ್ರಿ, ಯಾಕ ಹಾಂಗ ಅಂತ!"

"ಮುತ್ಯಾಗ ಹೇಳೀರಿ" ಎಂದಳು ಜಿಜಾಬಾಯಿ, ರೊಟ್ಟಿಯನ್ನು ಹಂಚಿಗೆ ಹಾಕುತ್ತ. "ನನಗ ಯಾರ್ ಹೇಳ್ಯಾರ?"

ವಿದ್ಯಾವತಿ ಹೊಸ್ತಿಲ ಮೇಲೆ ಕೂತುಬಿಟ್ಟಳು. ದವಾ ಈಕೆಯದು. ಬೀಜ ಆರಿಸಿ ಕುಟ್ಟಿಕೊಟ್ಟವಳು ಈಕೆ. ಉಂಡೆ ತಿನ್ನಿಸುವ ಕೈ ಈಕೆಯದು. ತಾನು ಮಾತ್ರ ಕಟ್ಟೆಯ ಮೇಲೆ ದೇವಿಂದ್ರಪ್ಪನನ್ನು ಕೂರಿಸಿಕೊಂಡು, ಎರಡು ತಾಸು ವಿವರಿಸಿ, ಆತನ ಸಹಿ ತೆಗೆದುಕೊಂಡು ಹೋಗಿದ್ದಳು. ಈಕೆ ಆಗ ಚಹಾ ತಂದಿಟ್ಟು ಒಳಗೆ ಹೋಗಿದ್ದಳು. ಬಾ ಕೂಡು ಎಂದು ಕರೆಯಬೇಕೆಂದು ಇಷ್ಟು ಓದಿದ ತನಗೆ ತೋಚಲೇ ಇಲ್ಲವಲ್ಲ! ಸಿಟ್ಟು ಇಳಿದು, ಆ ಜಾಗದಲ್ಲಿ ನಾಚಿಕೆ ಬಂದು ಕೂತಿತು.

ಅಷ್ಟರಲ್ಲಿ ಸಾಕ್ಷಿ ಬಂದು ಅಜ್ಜಿಯ ಹಿಟ್ಟಿನ ಕೈಯನ್ನೇ ಹಿಡಿದು ಹೊರಗೆ ಎಳೆದುಕೊಂಡು ಹೋದಳು. ಬೇವಿನ ಕೆಳಗೆ ನಿಲ್ಲಿಸಿ, ಎರಡು ಚೌಕ ತೋರಿಸಿ, ನೀರಿನ ಹೊಲ, ಒಣ ಹೊಲ ಎಂದು ಶುರು ಮಾಡಿದಳು. ನಡುನಡುವೆ ತಪ್ಪಿ, ಹಿಂದೆ ಹೋಗಿ, ಮತ್ತೆ ಹೇಳಿದಳು. ವಿದ್ಯಾವತಿ ಒಂದು ಮಾತೂ ಸೇರಿಸಲಿಲ್ಲ. ಸೇರಿಸುವಂಥದ್ದು ಏನೂ ಉಳಿದಿರಲಿಲ್ಲ.

ಜಿಜಾಬಾಯಿ ಬಹಳ ಹೊತ್ತು ಆ ನಾಲ್ಕು ಕಾಳು ನೋಡುತ್ತ ನಿಂತಳು. ಒಳಗೆ ಹಂಚಿನ ಮೇಲೆ ರೊಟ್ಟಿ ಸೀಯುವ ವಾಸನೆ ಬಂದರೂ ಅಲುಗಲಿಲ್ಲ. "ಹಂಗಾದ್ರ ಬಾಯಿ, ನಿಮ್ಮ ಕಾಗದದಾಗ ನನ್ನ ದವಾ ಸುಳ್ಳ ಅಂತ ಬರೀತೀರೇನು?"

"ಹಾಂಗ ಬರದು ಕಳಸ್ರಿ ಅಂತ ಸಾಹೇಬರ ಚೀಟಿ ಬಂದದ್ರಿ."

"ನಮ್ಮತ್ತಿ ದವಾ ನಾನ ಸುಳ್ಳ ಮಾಡ್ದೆ?" ಎಂದಳು ಜಿಜಾಬಾಯಿ. ಇಷ್ಟು ಹೊತ್ತು ಗಟ್ಟಿಯಾಗಿದ್ದ ಮುದುಕಿಯ ಕಣ್ಣಲ್ಲಿ ನೀರು ಬಂತು.

ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ದೇವಿಂದ್ರಪ್ಪ ಕೆಮ್ಮಿದ. "ಇಷ್ಟಕ್ಕ ಯಾಕ ತಕಲೀಪ ಮಾಡ್ಕೋತೀರ್ರಿ ಡಾಕ್ಟರಬಾಯಿ? ಕೆಂಪಿಗಿ ಹುಳ ಕಡಿಮಿ ಆದವು, ನೀಲಿಗಿ ಆಗಲಿಲ್ಲ ಅಂತ ಬರ್ದು ಹಾಕ್ರಿ. ಹೋದ ವರ್ಷ ನೀವೇ ಕಣ್ಣಿಲೆ ನೋಡೀರಿ. ದವಾ ಖರೇ ಅದ. ಈ ಸಲ ಏನಾಯ್ತು ಅನ್ನೂದು ಈ ಅಂಗಳದ ಹೊರಗ ಹೋಗಂಗಿಲ್ಲ."

ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ ಅದು. ವಿದ್ಯಾವತಿಗೆ ಒಂದು ಕ್ಷಣ ಆಸೆಯಾಯಿತು, ಸುಳ್ಳು ಯಾಕೆ ಹೇಳಬೇಕು. ಇಪ್ಪತ್ತು ಅಂಕಿ ಬದಲಿಸಿದರೆ ಮುದುಕಿಯ ಕಣ್ಣೀರು ಒರೆಸಿದಂತೆ, ತನ್ನ ಎರಡು ವರ್ಷ ಉಳಿಸಿಕೊಂಡಂತೆ. ಬಹುಶಃ ದವಾ ನಿಜವೇ ಇರಬೇಕು. ಬಹುಶಃ. ಸಾಕ್ಷಿ ಮಾತ್ರ ಕಣ್ಣು ಪಿಳುಕಿಸದೆ ಆಕೆಯ ಬಾಯಿಯನ್ನೇ ನೋಡುತ್ತಿದ್ದಳು. ಖರೇ ಹೇಳೂದೇ ನನ್ನ ಕೆಲ್ಸ ಎಂದು ಈಗಷ್ಟೇ ಕೊಚ್ಚಿಕೊಂಡ ಬಾಯಿ ಅದು.

ಆಕೆ ವಹಿ ತೆಗೆದು, ಕಡೆಯ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಬರೆದು, ಸಾಕ್ಷಿಯ ಮುಂದೆ ಹಿಡಿದಳು. ಸಾಕ್ಷಿ ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದಳು. "ಈ ವರ್ಷದ ಅಂಕಿ ಲೆಕ್ಕಕ್ಕೆ ಹಿಡಿಯಬಾರದು. ಎರಡೂ ಡಬ್ಬಿ ಕಲೆತಿವೆ. ಉಂಡೆ ಕೊಡುವವರಿಗೆ ನಾನು ತಿಳಿಸಿ ಹೇಳಿರಲಿಲ್ಲ. ತಪ್ಪು ನನ್ನದು."

"ಆಯಿ ಹೆಸರ ಬರೀಲಿಲ್ಲೇನು?"

"ತಪ್ಪ ಯಾರದದ ಅವ್ರ ಹೆಸರೇ ಬರೀಬೇಕಲ್ಲವ್ವ."

ಮರುದಿನ ಹುಮನಾಬಾದಿನ ಎಸ್‌ಟಿಡಿ ಬೂತಿನಿಂದ ಸಂಜೀವಕುಮಾರರಿಗೆ ಫೋನು ಮಾಡಿದಳು. ಅವರು ಬಾಯಿಗೆ ಬಂದಂತೆ ಬೈದರು. ಈಕೆ ಸುಮ್ಮನೆ ಕೇಳಿಸಿಕೊಂಡಳು, ಬೈಯಲು ಅವರಿಗೆ ಹಕ್ಕಿತ್ತು. ಕಡೆಗೆ, "ಮಳಿಗಾಲ ಮುಗಿಯೂದ್ರೊಳಗ ಇನ್ನೊಂದು ಸಲ ಮಾಡ್ರಿ. ಅದೇ ಕಡೀದು. ಅದೂ ಕೆಟ್ರ ಫೈಲ್ ಬಂದ್, ನನ್ನ ಹತ್ತಿರ ಬರಬ್ಯಾಡ್ರಿ" ಎಂದು ಫೋನು ಇಟ್ಟರು.

ಮುಂದಿನ ಭಾನುವಾರ ಬೇವಿನ ಕೆಳಗೆ ನಾಲ್ವರೂ ಕೂತರು. ಈ ಸಲ ವಿದ್ಯಾವತಿ ಮೊದಲು ಮಾತಾಡಿದ್ದು ಜಿಜಾಬಾಯಿಯ ಜೊತೆ. ಹಳೆಯ ದಾರಗಳನ್ನೆಲ್ಲ ಬಿಚ್ಚುವುದು. ಇಪ್ಪತ್ತು ಕೆಂಪು, ಇಪ್ಪತ್ತು ನೀಲಿ ಹೊಸ ದಾರಗಳನ್ನು ಹಿತ್ತಾಳೆಯ ತಂಬಿಗೆಯಲ್ಲಿ ಹಾಕುವುದು. ಒಂದೊಂದು ಕುರಿ ಬಂದಂತೆ ಕಣ್ಣು ಮುಚ್ಚಿ ಒಂದು ದಾರ ತೆಗೆಯುವುದು, ಬಂದದ್ದನ್ನೇ ಕಟ್ಟುವುದು. ಹುಳ ರಕ್ತ ಹೀರಿ ನೀಲಿಯ ಯಾವ ಕುರಿಯಾದರೂ ಸೋತು ಅದರ ಕಣ್ಣಿನ ಕೆಂಪು ಒಳರೆಪ್ಪೆ ಬೆಳ್ಳಗಾದರೆ ತಕ್ಷಣ ದವಾ ಕೊಟ್ಟು ಅದನ್ನು ಲೆಕ್ಕದಿಂದ ಬಿಡುವುದು.

"ಸಾಯಾಕ ಬಿಡಂಗಿಲ್ಲಲ್ಲ?" ಎಂದು ಜಿಜಾಬಾಯಿ ಮೂರು ಸಲ ಕೇಳಿದಳು. ಮೂರು ಸಲವೂ ವಿದ್ಯಾವತಿ ಇಲ್ಲ ಎಂದಳು. "ಹಂಗಾದ್ರ ಆಗ್ಲಿ. ನನ್ನ ಕೈಲೇ ಕೊಡ್ತೀನಿ, ಬರೇ ಉಂಡಿನೂ" ಎಂದು ಮುದುಕಿ ತಂಬಿಗೆಯನ್ನು ಸಾಕ್ಷಿಯ ಮುಂದೆ ಸರಿಸಿದಳು.

ದಾರ ತೆಗೆಯುವ ಕೆಲಸ ಸಾಕ್ಷಿಯದು. ಕೆಂಪು, ನೀಲಿ, ನೀಲಿ, ಕೆಂಪು. ಪ್ರತಿ ಸಲವೂ ಕೂಗಿ ಹೇಳುವಳು, ದೇವಿಂದ್ರಪ್ಪ ಕಟ್ಟುವನು, ವಿದ್ಯಾವತಿ ಬರೆದುಕೊಳ್ಳುವಳು. ಹದಿನೇಳನೆಯದಾಗಿ ಕರಿಗಿವಿ ತಾನಾಗಿಯೇ ಬಂದು ಸಾಕ್ಷಿಯ ಮಡಿಲಿಗೆ ಮೂತಿ ಹಚ್ಚಿತು. ಸಾಕ್ಷಿ ಕಣ್ಣು ಬಿಗಿಯಾಗಿ ಮುಚ್ಚಿ, ತುಟಿಯಲ್ಲಿ ಏನೋ ಬೇಡಿಕೊಂಡು, ತಂಬಿಗೆಯಲ್ಲಿ ಕೈ ಹಾಕಿದಳು.

ನೀಲಿ.

ಜಿಜಾಬಾಯಿ ಮುಖ ಅತ್ತ ತಿರುಗಿಸಿದಳು.

"ಅಕ್ಕಾ" ಎಂದಳು ಸಾಕ್ಷಿ ಮೆಲ್ಲಗೆ. "ಇನ್ನೊಂದ್ಸಲ ತೆಗೀಲೇನು?"

ಬೇಡ ಎನ್ನಬೇಕಾದದ್ದು ವಿದ್ಯಾವತಿಯ ಕೆಲಸ. ಆದರೆ ಆ ಮುಖ ನೋಡಿ ಆಕೆಗೆ ಬಾಯಿ ಬರಲಿಲ್ಲ. ಆ ಗಳಿಗೆಯಲ್ಲಿ ಆಕೆಗೆ ತನ್ನ ಕೆಲಸದ ಮೇಲೇ ಸಿಟ್ಟು ಬಂದಿತ್ತು. ಒಂದು ಮರಿ, ನಲವತ್ತರಲ್ಲಿ ಒಂದೇ ಒಂದು, ಕೆಂಪಾದರೆ ಯಾರ ಗಂಟು ಹೋಗುತ್ತಿತ್ತು? ಪೆನ್ನಿನ ಮುಚ್ಚಳ ಹಾಕಿ ಮತ್ತೆ ತೆಗೆದಳು.

ಸಾಕ್ಷಿ ಆಕೆಯ ಉತ್ತರಕ್ಕೆ ಕಾದಳು. ಬರಲಿಲ್ಲ. ತಂಬಿಗೆಯನ್ನು ನೋಡಿದಳು, ಮರಿಯನ್ನು ನೋಡಿದಳು.

"ತೆಗದ್ರ ಗೊತ್ತಾಗಂಗಿಲ್ಲ, ಅಲ್ಲಾ?"

"ಹೌದವ್ವ" ಎಂದಳು ವಿದ್ಯಾವತಿ. "ಗೊತ್ತಾಗಂಗಿಲ್ಲ."

ದೇವಿಂದ್ರಪ್ಪ ದಾರಕ್ಕೆ ಕೈ ಚಾಚಿದ. ಸಾಕ್ಷಿ ಕೊಡಲಿಲ್ಲ. ತಾನೇ ಕರಿಗಿವಿಯ ಕೊರಳಿಗೆ ನೀಲಿ ದಾರ ಸುತ್ತಿ, ಎರಡು ಗಂಟು ಹಾಕಿದಳು. ಕಣ್ಣೀರು ಮರಿಯ ಕಿವಿಯ ಮೇಲೆ ಬೀಳುತ್ತಿತ್ತು, ಮರಿ ಕಿವಿ ಕೊಡವುತ್ತಿತ್ತು. ವಿದ್ಯಾವತಿ ಸೆರಗಿನಿಂದ ತನ್ನ ಕಣ್ಣು ಒರೆಸಿಕೊಂಡಳು.

ದಾರಿಯಲ್ಲಿ ಹೊರಟಿದ್ದ ಬಕ್ಕಪ್ಪ ಬೇಲಿಯ ಹತ್ತಿರ ನಿಂತು ಕೂಗಿದ. "ಏನ್ ನಡ್ಸೀರ್ರೆವ್ವ ಎಲ್ಲಾರೂ ಕೂಡ್ಕೊಂಡು? ಕುರಿಗಿ ಲಗ್ನ ಮಾಡಾಕತ್ತೀರೇನು?"

ಸಾಕ್ಷಿ ಮೂಗು ಏರಿಸಿಕೊಂಡು ತಿರುಗಿದಳು. "ಆಯಿ ದವಾ ಕೆಲ್ಸ ಮಾಡ್ತದೋ ಇಲ್ಲೋ ನಮಗ ಗೊತ್ತಿಲ್ಲ. ಅದಕ್ಕ ಮಾಡಾಕತ್ತೀವಿ. ನಿನ್ನ ಮೊಮ್ಮಗಳಿಗಿ ಹೇಳು."

ಮತ್ತೆ ಮರಿಯ ಕಡೆ ಬಗ್ಗಿ, ಮುತ್ಯಾ ಕಲಿಸಿದಂತೆ ಹೆಬ್ಬೆರಳಿನಿಂದ ಅದರ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು.

"ಇವತ್ತ ಕೆಂಪ ಅದ" ಎಂದಳು. "ಬರ್ಕೋ ಅಕ್ಕಾ."

ವಿದ್ಯಾವತಿ ಬರೆದುಕೊಂಡಳು.